ಹಿಂಗಾರಿನ ತರಕಾರಿ ಬುಟ್ಟಿ: ಮೂಲಂಗಿಗೆ ನೂರಕ್ಕೆ ನೂರು, ಸೊಪ್ಪಿನದೇ ತಕರಾರು

ಸೊಪ್ಪು ಒದ್ದೆಯಾಗಿ ಬರುತ್ತದೆ. ಮೂರು ವರ್ಷ ಮುಂಗಡ ದುಡ್ಡು ಕಟ್ಟಿದ ಮೇಲೂ ಈ ಬುಟ್ಟಿಯ ಬಗ್ಗೆ ಮೊದಲು ಹೇಳಬೇಕಾದ್ದು ಇದೇ. ದೊಡ್ಡಬಳ್ಳಾಪುರದ ಕಡೆಯ ಸಣ್ಣ ಸಾವಯವ ತೋಟ. ಮುಂಗಡ ಕಟ್ಟಿದವರ ಮನೆಗೆ ಮಹಾಲಯ ಅಮಾವಾಸ್ಯೆ ಕಳೆದ ಮೇಲೆ ಹತ್ತು ವಾರ, ಶನಿವಾರ ಶನಿವಾರ ಐದು ಕೆಜಿ ಆಸುಪಾಸು ತರಕಾರಿ.

ಅಕ್ಟೋಬರ್‌ನಲ್ಲಿ ಹಿಂಗಾರು ಹಿಡಿದರೆ ಸೊಪ್ಪು ಕೀಳುವಾಗಲೇ ನೆಂದಿರುತ್ತದೆ. ಬೇರಿನ ಕೆಮ್ಮಣ್ಣು ಹೋಗಲೆಂದು ಇನ್ನೊಮ್ಮೆ ತೊಳೆದು, ಬಾಳೆನಾರಿನಲ್ಲಿ ಬಿಗಿಯಾಗಿ ಕಟ್ಟಿ, ಕುಂಬಳಕಾಯಿಯ ಪಕ್ಕ ತುರುಕುತ್ತಾರೆ. ಗಾಳಿಯಾಡದ ಕಟ್ಟು ಒಳಗೊಳಗೇ ಬಿಸಿಯಾಗುತ್ತದೆ. ಹೊರಗೆ ಎಲೆ ನಳನಳಿಸುತ್ತಿದ್ದರೂ ಭಾನುವಾರ ಸಂಜೆಗೆ ನಡುವೆ ಕಪ್ಪು ಲೋಳೆ. ಸಬ್ಬಸಿಗೆ ಮೊದಲು ಹೋಗುತ್ತದೆ, ಆಮೇಲೆ ಕೊತ್ತಂಬರಿ. ದಂಟಿನ ಸೊಪ್ಪು ಹೇಗೋ ತಾಳುತ್ತದೆ.

ಬುಟ್ಟಿ ಬಂದ ಹತ್ತು ನಿಮಿಷದಲ್ಲಿ ನಾರು ಬಿಚ್ಚಿಬಿಡಿ. ಬೇರು ಕತ್ತರಿಸಿ, ಕೊಳೆತ ಎಲೆ ಆರಿಸಿ ತೆಗೆದು, ಹಳೇ ಪಂಚೆಯ ಮೇಲೆ ತೆಳ್ಳಗೆ ಹರಡಿ ಫ್ಯಾನ್ ಹಾಕಿ. ಅರ್ಧ ಗಂಟೆ ಸಾಕು, ಮಳೆ ಹಿಡಿದ ದಿನ ಒಂದು ಗಂಟೆ. ಎಲೆ ಬೆರಳಿಗೆ ಅಂಟಬಾರದು. ತೊಳೆಯುವುದು ಅಡುಗೆಯ ಹೊತ್ತಿಗೆ. ಒಣ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ ಫ್ರಿಜ್ಜಿನ ಕೆಳಗಿನ ಡ್ರಾಯರಿನಲ್ಲಿಟ್ಟರೆ ಮೆಂತ್ಯ ಬುಧವಾರದವರೆಗೂ ಬರುತ್ತದೆ. ಪ್ಲಾಸ್ಟಿಕ್ ಕವರಿಗೆ ಹಾಕಿದಿರೋ, ಇಷ್ಟೂ ಕೆಲಸ ನೀರಲ್ಲಿ ಹೋಮ. ತೂಕದ ಮಾತೂ ಇದೆ: 400 ಗ್ರಾಂ ಕಟ್ಟು ಬೇರು, ನೀರು ಹೋದ ಮೇಲೆ 300ಕ್ಕೆ ಇಳಿಯುತ್ತದೆ.

ಮೂಲಂಗಿ ಕೈಗೆ ಬಂದರೆ ಈ ಕೋಪ ಉಳಿಯುವುದಿಲ್ಲ. ಎರಡು ಬೆರಳಿನಷ್ಟು ದಪ್ಪ, ಮುರಿದರೆ ಟಕ್ಕೆನ್ನುತ್ತದೆ, ಮೇಲೆ ಎಳೆಯ ಸೊಪ್ಪು. ಆ ಸೊಪ್ಪನ್ನು ಆಗಲೇ ಬೇರೆ ಮಾಡಬೇಕು. ಇಲ್ಲದಿದ್ದರೆ ಗೆಡ್ಡೆಯ ನೀರನ್ನೆಲ್ಲ ಎಲೆ ಎಳೆದುಕೊಂಡು ಮೂಲಂಗಿ ಬೆಂಡಾಗುತ್ತದೆ. ಸೊಪ್ಪು ಬಸ್ಸಾರಿಗೆ: ಒಂದು ಲೋಟ ತೊಗರಿಬೇಳೆ ಮುಕ್ಕಾಲು ಬೆಂದಾಗ ಹೆಚ್ಚಿದ ಸೊಪ್ಪು ಹಾಕಿ ಐದು ನಿಮಿಷ ಬೇಯಿಸಿ ಬಸಿಯಿರಿ. ಬಸಿದ ನೀರು ಸಾರಿಗೆ, ಉಳಿದದ್ದು ಈರುಳ್ಳಿ, ಒಣಮೆಣಸಿನಕಾಯಿ, ಕಾಯಿತುರಿಯ ಒಗ್ಗರಣೆಗೆ ಪಲ್ಯ. ಬೇಳೆ ಮೆತ್ತಗಾದರೆ ಪಲ್ಯ ಮುದ್ದೆಯಾಗುತ್ತದೆ, ಕುಕ್ಕರ್ ಬೇಡ. ಸೊಪ್ಪು ಕತ್ತರಿಸಿ ಬಿಸಾಡಿದ ಅಂಗಡಿ ಮೂಲಂಗಿಯಲ್ಲಿ ಈ ಊಟವೇ ಇಲ್ಲ.

ಹೀರೆಕಾಯಿ, ಸೋರೆಕಾಯಿ ಹೆಚ್ಚುವ ಮೊದಲು ತುದಿಯ ಚೂರು ನಾಲಿಗೆಗೆ ಇಟ್ಟು ನೋಡಿ. ಕಹಿಯಿದ್ದರೆ ಇಡೀ ಕಾಯಿ ಎಸೆಯಿರಿ. ಬೇಯಿಸಿದರೂ ಆ ಕಹಿ ಹೋಗದು, ಹೊಟ್ಟೆಗೆ ಅಪಾಯ. ಹೂಕೋಸಿನಲ್ಲಿ ಹುಳು ಇದ್ದೇ ಇರುತ್ತದೆ. ಬಿಡಿಸಿ ಉಪ್ಪು, ಅರಿಶಿನದ ಬೆಚ್ಚನೆ ನೀರಿನಲ್ಲಿ ಹತ್ತು ನಿಮಿಷ ಬಿಟ್ಟರೆ ಆಯಿತು. ನವೆಂಬರ್ ಕೊನೆಗೆ ಅವರೆಕಾಯಿ, ಬಿಡಿಸಿದ ಮೇಲೂ ಬೆರಳಲ್ಲಿ ಸೊಗಡು ಉಳಿಯುವಂಥದ್ದು.

ಬೆಳೆಗಾರರ ಸಹಕಾರ ಸಂಘದ ಅಂಗಡಿ ಹಾಪ್‌ಕಾಮ್ಸ್‌ನ ದರಪಟ್ಟಿಯ ಪಕ್ಕ ಇಟ್ಟರೆ ದುಬಾರಿಯೇ. ದಿನವೂ ಮನೆಯಲ್ಲಿ ಅಡುಗೆಯಾಗುವ ನಾಲ್ಕು ಜನಕ್ಕೆ ಗಿಟ್ಟುತ್ತದೆ, ಇಬ್ಬರಿಗೆ ಅರ್ಧ ಬುಟ್ಟಿ ಇಲ್ಲದಿರುವುದು ಕೊರತೆ. ದಸರಾ ರಜೆಗೆ ಊರಿಗೆ ಹೋದರೂ ಆ ವಾರದ ಹಣ ವಾಪಸಿಲ್ಲ. ಐದಕ್ಕೆ ಮೂರೂವರೆ ಅಂಕ.

ಮಣ್ಣಿದ್ದರೂ ಇರಲಿ, ಸೊಪ್ಪು ತೊಳೆಯದೆ ಸಡಿಲವಾಗಿ ಕಟ್ಟಿ ಕೊಡಿ ಎಂದು ತೋಟದವರಿಗೆ ಹೇಳಿದ್ದಾಯಿತು. ಎರಡು ವಾರ ಹಾಗೇ ಬಂತು, ಸಬ್ಬಸಿಗೆ ಮಂಗಳವಾರದವರೆಗೂ ಹಸಿರಾಗಿತ್ತು. ಮೂರನೇ ವಾರ ಮತ್ತೆ ನೀರು ತೊಟ್ಟಿಕ್ಕುವ ಕಟ್ಟು.