ಹಳೆ ಕಪಾಟಿಗೆ ಪೇಂಟ್ ಹೊಡೆದು "ಬಾತ್‌ರೂಮ್‌ಗೆ ಆಗುತ್ತೆ" ಅಂದರೆ ನಂಬಬೇಡಿ

ಸೆಕೆಂಡ್ ಹ್ಯಾಂಡ್ ಮರದ ಕಪಾಟು ಕೊಂಡು, ಅಂಗಡಿಯವರಿಂದಲೇ ಪೇಂಟ್ ಮಾಡಿಸಿ ಬಾತ್‌ರೂಮ್‌ಗೆ ಹಾಕೋಣ ಅಂತಿರುವವರು ದಯವಿಟ್ಟು ಇದನ್ನು ಓದಿ. ದುಡ್ಡು ಹೋಗಿದ್ದು ಒಂದು ಕಡೆ ಇರಲಿ. ಕನ್ನಡಿ ಕೂರಿಸಿದ್ದ ಬಾಗಿಲು ಸ್ಕ್ರೂ ಸಮೇತ ಕಿತ್ತು ಬಂದು ನಮ್ಮ ಅತ್ತೆಯವರ ಕಾಲ ಪಕ್ಕದಲ್ಲೇ ಬಿತ್ತು. ಅವರಿಗೆ ಎಪ್ಪತ್ತು ದಾಟಿದೆ. ನೆನೆಸಿಕೊಂಡರೆ ಈಗಲೂ ಎದೆ ಧಸಕ್ ಅನ್ನುತ್ತೆ.

ಕಪಾಟು ಕೊಂಡಿದ್ದು ಮಂಗಳೂರಿನ ಒಂದು ಹಳೆ ಫರ್ನಿಚರ್ ಅಂಗಡಿಯಲ್ಲಿ. "ಪೂರಾ ಸಾಗುವಾನಿ ಅಕ್ಕಾ, ಎತ್ತಿ ನೋಡಿ ಎಷ್ಟು ತೂಕ ಇದೆ. ವಾಟರ್‌ಪ್ರೂಫ್ ಪೇಂಟ್ ಹೊಡೆದು ಕೊಡ್ತೇವೆ, ನೀರು ಬಿದ್ರೂ ಏನೂ ಆಗುದಿಲ್ಲ" ಅಂದರು. ಬಿಳಿ ಎನಾಮಲ್ ಹೊಡೆದು, ಅವರೇ ತಂದು ಗೋಡೆಗೆ ಕೂರಿಸಿ ಹೋದರು. ನೋಡಲು ಹೊಸದರ ಹಾಗೇ ಇತ್ತು.

ಬೇಸಿಗೆ ಮುಗಿಯುವವರೆಗೆ ಏನೂ ತೊಂದರೆ ಇರಲಿಲ್ಲ. ನಮ್ಮ ಕಡೆ ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಬಿಡುವುದಿಲ್ಲ, ಗಾಳಿಯೇ ಒದ್ದೆ. ಅದರ ಜೊತೆ ಗೀಸರ್ ನೀರಿನ ಹಬೆ. ಮೊದಲು ಕೆಳಗಿನ ಅಂಚಿನ ಪೇಂಟ್‌ನಲ್ಲಿ ಉದ್ದಕ್ಕೆ ಒಂದು ಗೆರೆ ಬಿರುಕು ಬಿಟ್ಟಿತು. ಆಮೇಲೆ ಬಾಗಿಲು ಸರಿಯಾಗಿ ಮುಚ್ಚುವುದು ನಿಂತಿತು. ಅಂಚು ಊದಿಕೊಂಡು ಬಾಯಿಬಿಟ್ಟಿತ್ತು. ಬೆರಳಿಂದ ಮುಟ್ಟಿದರೆ ಒಳಗಿನದು ನೆನೆದ ರವೆಯ ಹಾಗೆ ಉದುರುತ್ತಿತ್ತು. ಅಂಗಡಿಗೆ ಫೋನ್ ಮಾಡಿದರೆ "ಮಳೆಗಾಲದಲ್ಲಿ ಮರ ಸ್ವಲ್ಪ ಉಬ್ಬುತ್ತದೆ, ಸರಿಹೋಗುತ್ತದೆ" ಅಂದರು. ಅದೇ ವಾರ ಬಾಗಿಲು ಬಿತ್ತು.

ನಮಗೆ ಪರಿಚಯದ ಆಚಾರಿಯೊಬ್ಬರು ಬಂದು ಕಪಾಟು ಇಳಿಸಿ, ಕವುಚಿ ಹಾಕಿ ತೋರಿಸಿದರು. ಸಾಗುವಾನಿ ಇದ್ದದ್ದು ಮುಂದಿನ ಚೌಕಟ್ಟು ಮಾತ್ರ. ಪಕ್ಕದ ಹಲಗೆ, ತಳ ಎಲ್ಲಾ ಪಾರ್ಟಿಕಲ್ ಬೋರ್ಡ್. ಮರದ ಪುಡಿ, ಚೂರುಗಳನ್ನು ಅಂಟು ಹಾಕಿ ಒತ್ತಿ ಮಾಡಿದ್ದು. ಕಣ್ಣಿಗೆ ಕಾಣುವ ಕಡೆ ಮಾತ್ರ ಪೇಂಟ್. ತಳಕ್ಕಿಲ್ಲ, ಗೋಡೆಗೆ ತಾಗುವ ಹಿಂಭಾಗಕ್ಕಿಲ್ಲ, ಸ್ಕ್ರೂ ತೂತುಗಳಿಗಂತೂ ಇಲ್ಲವೇ ಇಲ್ಲ. ನೀರು ಒಳಗೆ ಹೋಗುವುದೇ ಆ ಜಾಗಗಳಿಂದ. ಒಮ್ಮೆ ನೀರು ಕುಡಿದು ಊದಿದ ಈ ಬೋರ್ಡ್ ಒಣಗಿದರೂ ಮೊದಲಿನ ಹಾಗೆ ಆಗುವುದಿಲ್ಲ, ಸ್ಕ್ರೂ ಹಿಡಿಯುವ ಶಕ್ತಿ ಹೋಗಿಬಿಡುತ್ತೆ.

ಪೇಂಟಿಂಗ್ ಇನ್ನೂ ಮೋಸ. ಆಚಾರಿ ಚೌಕಟ್ಟಿನ ಮೇಲೆ ಉಗುರು ಹಾಕಿ ಎಳೆದರು. ಅಂಗೈ ಅಗಲದ ಪೇಂಟ್ ಒಂದೇ ಹಾಳೆಯಾಗಿ ಎದ್ದು ಬಂತು. ಅದರ ಕೆಳಗೆ ಹಳೆ ಪಾಲಿಶ್ ಇನ್ನೂ ಹೊಳೆಯುತ್ತಿತ್ತು. ಅಂದರೆ ಸ್ಯಾಂಡ್ ಪೇಪರ್ ಮುಟ್ಟಿಸಿಯೇ ಇಲ್ಲ, ಪೇಂಟ್ ಮರಕ್ಕೆ ಕಚ್ಚಿಕೊಳ್ಳಲಿ ಅಂತ ಮೊದಲು ಬಳಿಯುವ ವುಡ್ ಪ್ರೈಮರ್ ಹೊಡೆದೇ ಇಲ್ಲ. ಹಳೆ ಮೊಳೆ ತೂತುಗಳಿಗೆ ತುಂಬಿದ್ದು ಗೋಡೆಗೆ ಬಳಿಯುವ ಸಿಮೆಂಟ್ ಪುಟ್ಟಿ. ಮರ ಹಿಗ್ಗಿ ಕುಗ್ಗಿದಾಗ ಅದು ನಿಲ್ಲುವುದಿಲ್ಲ.

ತೂಕದ ಮಾತಿಗೆ ಯಾರೂ ಮರುಳಾಗಬೇಡಿ. ಒಂದು ಘನ ಮೀಟರ್ ಸಾಗುವಾನಿ ಸುಮಾರು 650 ಕಿಲೋ ತೂಗುತ್ತೆ. ಪಾರ್ಟಿಕಲ್ ಬೋರ್ಡೂ ಹೆಚ್ಚು ಕಡಿಮೆ ಅಷ್ಟೇ. ಎತ್ತಿ ನೋಡುವುದು ಬಿಟ್ಟು ಕತ್ತರಿಸಿದ ಅಂಚು ನೋಡಿ. ಪೇಂಟ್ ಹೊಡೆಯುವ ಮೊದಲೇ ನೋಡಬೇಕು, ಆಮೇಲೆ ಏನೂ ಗೊತ್ತಾಗಲ್ಲ. ಗಟ್ಟಿ ಮರವಾದರೆ ಮೇಲಿನ ಗೆರೆಗಳು ಅಂಚಿನವರೆಗೂ ಮುಂದುವರಿಯುತ್ತವೆ. ಪ್ಲೈವುಡ್ ಆದರೆ ಪದರ ಕಾಣುತ್ತೆ. ಚೂರು ಚೂರು ಕಂಡರೆ ಅಲ್ಲೇ ಬಿಟ್ಟು ಬನ್ನಿ. ಪ್ಲೈವುಡ್ಡಿನಲ್ಲೂ ಎಂಆರ್ ಅಂತ ಮುದ್ರೆ ಇದ್ದರೆ ಅದು ಗಾಳಿಯ ತೇವ ತಡೆಯುವಷ್ಟು ಮಾತ್ರ. ನೀರು ಬೀಳುವ ಜಾಗಕ್ಕೆ ಐಎಸ್ 710 (ಭಾರತೀಯ ಮಾನಕದ ಸಂಖ್ಯೆ) ಮುದ್ರೆಯ ಮೆರೈನ್ ಪ್ಲೈ ಬೇಕು.

ಗಟ್ಟಿ ಮರವೇ ಸಿಕ್ಕಿ, ಮನೆಯಲ್ಲೇ ಪೇಂಟ್ ಮಾಡುವವರಿಗೆ ಒಂದು ಮಾತು. ಹಳೆ ಪೇಂಟನ್ನು ಒಣಗಿದ ಹಾಗೇ ಉಜ್ಜಬೇಡಿ. ಮನೆಬಳಕೆಯ ಪೇಂಟಿನಲ್ಲಿ ವಿಷಕಾರಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದು ಅನ್ನುವ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಪೇಂಟಿನ ಧೂಳು ಪುಟ್ಟ ಮಕ್ಕಳಿರುವ ಮನೆಯಲ್ಲಿ ಏಳಲೇಬಾರದು. ನೀರು ಹಚ್ಚಿ ಉಜ್ಜಿ, ಒಳ್ಳೆ ಮಾಸ್ಕ್ ಹಾಕಿಕೊಳ್ಳಿ, ಮರ ಚೆನ್ನಾಗಿ ಒಣಗಿದ ಮೇಲೆ ಪ್ರೈಮರ್ ಹೊಡೆಯಿರಿ. ತಳ, ಹಿಂಭಾಗ, ತೂತುಗಳ ಒಳಗೆ, ಎಲ್ಲಾ ಕಡೆ.

ಅಂಗಡಿಯವರು "ಹಳೆ ಸಾಮಾನಿಗೆ ಗ್ಯಾರಂಟಿ ಇಲ್ಲ" ಅಂತ ಕೈ ತೊಳೆದುಕೊಂಡಿದ್ದಾರೆ. ಬಿಲ್ಲಿನಲ್ಲಿ ಬರೆದಿರುವುದು "ಮರದ ಕಪಾಟು 1" ಅಂತ ಅಷ್ಟೇ. ಸಾಗುವಾನಿ ಅಂದದ್ದು, ವಾಟರ್‌ಪ್ರೂಫ್ ಅಂದದ್ದು ಎಲ್ಲಾ ಬಾಯಿಮಾತು. ನೀವು ಕೊಳ್ಳುವಾಗ ಯಾವ ಮರ, ಯಾವ ಪೇಂಟ್, ಬಾತ್‌ರೂಮ್‌ಗೆ ಅಂತಲೇ ಕೊಟ್ಟದ್ದು, ಇಷ್ಟನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಬರೆಯಲು ಒಪ್ಪದಿದ್ದರೆ ದುಡ್ಡು ಕೊಡಬೇಡಿ. ನಾನು ಫೋಟೋಗಳನ್ನೆಲ್ಲ ಇಟ್ಟುಕೊಂಡು ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ. ಇದೇ ಥರ ಮೋಸ ಹೋದವರು ನೀವೂ ಕೊಡಿ.