ಕಾಂಗ್ ಯಾತ್ಸೆ ಹತ್ತಿಸ್ತೀವಿ ಅಂದವರು ಹಗ್ಗವನ್ನೇ ತಂದಿರಲಿಲ್ಲ

ಇದನ್ನು ಬರೆಯಲು ಒಂದೂವರೆ ತಿಂಗಳು ಬೇಕಾಯಿತು. ಸಿಟ್ಟಿನಲ್ಲಿ ನಾಲ್ಕು ಸಲ ಬರೆದು ಅಳಿಸಿದೆ. ಸಿಟ್ಟಿಗಿಂತ ನಾಚಿಕೆಯೇ ಜಾಸ್ತಿ. ಹೊರಡುವ ಮುಂಚೆ ಆಫೀಸಿನಲ್ಲಿ ಕೇಕ್ ಕತ್ತರಿಸಿದ್ದರು. ಕೇಕಿನ ಮೇಲೆ ಕ್ರೀಮಿನಲ್ಲಿ 6250 ಅಂತ, ನಾನು ಹತ್ತಬೇಕಿದ್ದ ಶಿಖರದ ಎತ್ತರ, ಬರೆಸಿದ್ದರು. ವಾಪಸ್ ಬಂದ ಮೇಲೆ ಲಿಫ್ಟಿನಲ್ಲಿ ಸಿಕ್ಕವರೆಲ್ಲ "ಹೇಗಿತ್ತು ಸಮಿಟ್?" ಅಂತ ಕೇಳುತ್ತಾರೆ. "ವೆದರ್ ಸರಿ ಇರಲಿಲ್ಲ" ಅಂತ ನಾನೂ ಅದೇ ಸುಳ್ಳು ಹೇಳಿಕೊಂಡು ಓಡಾಡುತ್ತಿದ್ದೆ. ಸಾಕು.

ಕಾಂಗ್ ಯಾತ್ಸೆ 2 ಲಡಾಖಿನ ಮಾರ್ಖಾ ಕಣಿವೆಯ ತುದಿಯಲ್ಲಿದೆ. 6250 ಮೀಟರ್. ಮೊದಲು ಎಲ್ಲರೂ ಲಡಾಖಿನದ್ದೇ ಇನ್ನೊಂದು ಶಿಖರ ಸ್ಟೋಕ್ ಕಾಂಗ್ರಿಗೆ ಹೋಗುತ್ತಿದ್ದರು. 2020ರಿಂದ ಅದನ್ನು ಮುಚ್ಚಿದರು. ಅಲ್ಲಿಂದ ಈಚೆಗೆ ಆರು ಸಾವಿರ ಮೀಟರ್ ದಾಟಬೇಕು ಅನ್ನುವವರಲ್ಲಿ ಬಹಳ ಜನ ಇತ್ತ ತಿರುಗಿದರು. ಇದು ಕುಮಾರಪರ್ವತದ ಥರ ನಡೆದು ಮುಗಿಸುವ ಬೆಟ್ಟ ಅಲ್ಲ. ಮೇಲೆ ಹಿಮದ ಇಳಿಜಾರು. ಜಾರದ ಹಾಗೆ ಬೂಟಿಗೆ ಕ್ರಾಂಪಾನ್ ಅನ್ನುವ ಲೋಹದ ಮುಳ್ಳು ಕಟ್ಟಬೇಕು, ಕೈಯಲ್ಲಿ ಐಸ್ ಆಕ್ಸ್, ಅಂದರೆ ಹಿಮದ ಕೊಡಲಿ ಇರಬೇಕು, ಸೊಂಟಕ್ಕೆ ಹಾರ್ನೆಸ್ ಪಟ್ಟಿ ಹಾಕಿ ಒಬ್ಬರಿಗೊಬ್ಬರು ಹಗ್ಗ ಕಟ್ಟಿಕೊಂಡು ಹೋಗಬೇಕು. ಹಗ್ಗ. ಈ ಪದ ನೆನಪಿಟ್ಟುಕೊಳ್ಳಿ.

ನಮ್ಮನ್ನು ಕರೆದುಕೊಂಡು ಹೋದ ಟ್ರೆಕಿಂಗ್ ಸಂಸ್ಥೆ ಬೆಂಗಳೂರಿನದ್ದೇ. ಹೆಸರು ಹಾಕುವುದಿಲ್ಲ. ಹಾಕಿದರೆ ಲಾಯರ್ ನೋಟಿಸ್ ಕಳಿಸುತ್ತೇವೆ ಅಂತ ಆಗಲೇ ಹೇಳಿದ್ದಾರೆ. ನಡೆಸುವವರು ನಮ್ಮವರೇ, ಅಚ್ಚಕನ್ನಡದವರು. ಅಲ್ಲೇ ನಾನು ಕರಗಿದ್ದು. ದುಡ್ಡು ಕಟ್ಟುವ ತನಕ ನನ್ನನ್ನು "ಅಣ್ಣ" ಅನ್ನುತ್ತಿದ್ದರು. "ಅಣ್ಣ, ನೀವು ಬರೀ ಕಾಲು ಎತ್ತಿಡಿ, ಮಿಕ್ಕಿದ್ದು ನಮಗೆ ಬಿಡಿ." ತಲೆಗೆ 52,000 ರೂಪಾಯಿ. ಬೂಟು, ಕ್ರಾಂಪಾನ್ ಬಾಡಿಗೆ 6,000 ಬೇರೆ. ಶಿಖರದ ಪರವಾನಗಿಗೆ ಅಂತ 4,500, ಅದು ಮಾತ್ರ ಅವರ ಸ್ವಂತ ನಂಬರಿಗೆ ಫೋನ್‌ಪೇ. ಯಾಕೆ ಅಂತ ಕೇಳಿದೆ. "ಬೇಗ ಆಗುತ್ತೆ ಅಣ್ಣ" ಅಂದರು. ಕಳಿಸಿದೆ. ರಸೀದಿ ಕೇಳಲಿಲ್ಲ. ಮನೆಗೆ ಮಿಕ್ಸಿ ತಗೊಂಡರೂ ಬಿಲ್ ಜೋಪಾನ ಮಾಡುವ ಮನುಷ್ಯ ನಾನು. ಇಲ್ಲಿ ಮಾತ್ರ ಕೇಳಲಿಲ್ಲ.

ಅಮ್ಮನಿಗೆ ಇಷ್ಟ ಇರಲಿಲ್ಲ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ತ್ರತಾಲ್‌ನಲ್ಲಿ ಹಿಮಗಾಳಿಗೆ ಸಿಕ್ಕಿ ನಮ್ಮ ಕರ್ನಾಟಕದ 9 ಜನ ತೀರಿಕೊಂಡರಲ್ಲ, ಆ ವಾರ ಪೂರ್ತಿ ಅಮ್ಮ ಟಿವಿ ಮುಂದೆ ಕೂತಿದ್ದರು. "ಅಂಥಾ ಜಾಗಕ್ಕೆ ಯಾಕಪ್ಪಾ?" ಅಂದರು. ಇವರು ಸರಿಯಾದವರು ಅಮ್ಮ, ಮೂರು ಜನಕ್ಕೆ ಒಬ್ಬ ಗೈಡ್ ಇರ್ತಾನೆ, ಎಲ್ಲಾ ಪರ್ಮಿಷನ್ ಇರುತ್ತೆ ಅಂತ ನಾನೇ ಸಮಾಧಾನ ಮಾಡಿದೆ. ಅವರು ಹೇಳಿದ ಸುಳ್ಳನ್ನು ಅಮ್ಮನಿಗೆ ದಾಟಿಸಿದ್ದು ನಾನು.

ಏಳು ತಿಂಗಳು ತಯಾರಿ ಮಾಡಿದ್ದೆ. ಹತ್ತು ಕೆ.ಜಿ. ಸೋನಾ ಮಸೂರಿ ಪ್ಯಾಕೆಟ್ ಬೆನ್ನಿನ ಬ್ಯಾಗಿಗೆ ಹಾಕಿಕೊಂಡು ಅಪಾರ್ಟ್‌ಮೆಂಟಿನ ಹದಿನಾಲ್ಕು ಮಹಡಿ ಹತ್ತಿ ಇಳಿಯುತ್ತಿದ್ದೆ. ವಾಚ್‌ಮನ್ ಒಂದು ದಿನ ತಡೆಯಲಾಗದೆ "ಲಿಫ್ಟ್ ಸರಿ ಇದೆ ಸಾರ್" ಅಂದ. ನಮ್ಮ ಗುಂಪಿನಲ್ಲಿ ಆರು ಜನ. ಮೈಸೂರಿನ ಒಬ್ಬ ಟೀಚರ್ ಇದ್ದರು, ವರ್ಷವಿಡೀ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಬಂದವರು. ರಜೆ ಸಿಗಲಿ ಅಂತ ಹೆಡ್‌ಮಾಸ್ಟರ ಹತ್ತಿರ ಜಗಳ ಆಡಿದ್ದರು. ಅವರ ಮುಖ ನೆನಪಾದಾಗಲೇ ನನಗೆ ಜಾಸ್ತಿ ಸಿಟ್ಟು ಬರುವುದು.

ಮೊದಲ ಸುಳಿವು ಲೇಹ್‌ನಲ್ಲೇ ಸಿಕ್ಕಿತ್ತು. ಲೇಹ್ 3500 ಮೀಟರ್ ಎತ್ತರ. ವಿಮಾನದಲ್ಲಿ ಇಳಿದವರು ಎರಡು ದಿನ ಸುಮ್ನೆ ಇರಬೇಕು, ದೇಹ ಒಗ್ಗಿಕೊಳ್ಳಬೇಕು. ಇವರ ಪಟ್ಟಿಯಲ್ಲೂ ಎರಡು ದಿನ ಅಂತಲೇ ಇತ್ತು. ಆದರೆ ಮಾರನೆ ದಿನವೇ ಜೀಪ್ ಬಂತು. "ಈ ದಿನ ಉಳಿಸಿದರೆ ಮೇಲೆ ಸಮಿಟ್‌ಗೆ ಎಕ್ಸ್‌ಟ್ರಾ ದಿನ ಸಿಗುತ್ತೆ ಬ್ರೋ" ಅಂದ ಟ್ರಿಪ್ ಲೀಡರ್. ಇಪ್ಪತ್ಮೂರು ವರ್ಷದ ಹುಡುಗ. ಗೈಡ್ ಎಲ್ಲಿ ಅಂದರೆ "ಮೇಲೆ ಜಾಯಿನ್ ಆಗ್ತಾರೆ". ಕ್ರಾಂಪಾನ್ ಬೂಟಿಗೆ ಕೂರುತ್ತಿಲ್ಲ ಅಂದರೆ "ಮೇಲೆ ಅಡ್ಜಸ್ಟ್ ಮಾಡೋಣ". ಎಲ್ಲದಕ್ಕೂ ಮೇಲೆ. ಅಣ್ಣ ಹೋಗಿ ಬ್ರೋ ಆಗಿದ್ದನ್ನು ಅವತ್ತೇ ಗಮನಿಸಬೇಕಿತ್ತು.

ಕಣಿವೆಯ ಬಗ್ಗೆ ಏನೂ ದೂರಿಲ್ಲ. ಸ್ಕಿಯು, ಮಾರ್ಖಾ, ಥಾಚುಂಗ್‌ತ್ಸೆ. ಹೊಳೆ ದಾಟುವುದು, ಜವೆ ಗದ್ದೆ, ಹೋಮ್‌ಸ್ಟೇ ಅಜ್ಜಿ ಕೊಟ್ಟ ಬೆಣ್ಣೆ ಚಹಾ. ಮಾರ್ಖಾದಲ್ಲಿ ಒಬ್ಬರಿಗೆ ವಿಪರೀತ ತಲೆನೋವು, ವಾಂತಿ. ಒಗ್ಗಿಕೊಳ್ಳದ ದೇಹ ಮತ್ತೇನು ಮಾಡುತ್ತದೆ? ಅವರನ್ನು ಅಲ್ಲೇ ಬಿಟ್ಟು ಐದೇ ಜನ ಮುಂದೆ ಹೋದೆವು.

ಬೇಸ್ ಕ್ಯಾಂಪ್, ಅಂದರೆ ಶಿಖರ ಹತ್ತಲು ಹೊರಡುವ ಬಿಡಾರ, ಐದು ಸಾವಿರ ಮೀಟರಿಗಿಂತ ಮೇಲೆ. ಒಂದೊಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಹೆಚ್ಚುಕಡಿಮೆ ಅರ್ಧ. ಶೂ ಲೇಸ್ ಕಟ್ಟಿದರೂ ಏದುಸಿರು. ಆದರೂ ಖುಷಿ. ರಾತ್ರಿ ಹನ್ನೆರಡಕ್ಕೆ ಹೊರಡಬೇಕು. ಬಿಸಿಲು ಬಿದ್ದರೆ ಹಿಮ ಮೆತ್ತಗಾಗುತ್ತದೆ, ಅದಕ್ಕೇ ಕತ್ತಲಲ್ಲೇ ಹತ್ತುವುದು. ಎಂಟು ಗಂಟೆಗೇ ಹಾರ್ನೆಸ್ ಹಾಕಿಕೊಂಡು ಟೆಂಟಿನಲ್ಲಿ ಕೂತೆ. ಹಳೆ ಲೇಸ್ ಒಂದರಲ್ಲಿ, ಹಾರ್ನೆಸ್‌ಗೆ ಹಗ್ಗ ಕಟ್ಟುವ ಎಂಟಂಕಿ ಗಂಟು ಹಾಕಿ, ಬಿಚ್ಚಿ, ಮತ್ತೆ ಹಾಕುತ್ತಿದ್ದೆ. ಈಗ ನೆನೆಸಿಕೊಂಡರೆ ಮದುವೆ ನಿಂತುಹೋಗಿದ್ದು ಗೊತ್ತಿಲ್ಲದೆ ಬಾಸಿಂಗ ಕಟ್ಟಿಕೊಂಡು ಕೂತವನ ಹಾಗೆ ಕಾಣಿಸುತ್ತೇನೆ.

ಒಂಬತ್ತಕ್ಕೆ ಲೀಡರ್ ಬಂದ. "ಮೇಲೆ ವೆದರ್ ಬ್ಯಾಡ್ ಅಂತೆ. ಗಾಳಿ ಜಾಸ್ತಿ. ಸಮಿಟ್ ಕ್ಯಾನ್ಸಲ್. ಸೇಫ್ಟಿ ಫಸ್ಟ್ ಅಲ್ವಾ ಬ್ರೋ."

ನಂಬಿದೆ. ಪೂರ್ತಿ ನಂಬಿದೆ. ಟೀಚರ್ ಅತ್ತರು. "ಬೆಟ್ಟ ಕರೆದಾಗಲೇ ಬರಬೇಕು ಮೇಡಂ" ಅಂತ ಅವರಿಗೆ ಸಮಾಧಾನ ಹೇಳಿದವನೂ ನಾನೇ.

ಒಂದೂವರೆಗೆ ಮೂತ್ರಕ್ಕೆ ಅಂತ ಹೊರಗೆ ಬಂದೆ. ಗಾಳಿ ಇಲ್ಲ. ಟೆಂಟಿನ ಬಟ್ಟೆ ಅಲುಗುತ್ತಿಲ್ಲ. ಆಕಾಶದ ತುಂಬ ನಕ್ಷತ್ರ. ತಲೆ ಎತ್ತಿದರೆ ಇಳಿಜಾರಿನಲ್ಲಿ ಸಣ್ಣ ಸಣ್ಣ ಬೆಳಕು. ಒಂದರ ಹಿಂದೆ ಒಂದು, ಕಾರ್ತಿಕದ ದೀಪ ಸಾಲಾಗಿ ಇಟ್ಟ ಹಾಗೆ. ನಿಧಾನಕ್ಕೆ ಮೇಲೆ ಹೋಗುತ್ತಿವೆ. ಹೆಡ್‌ಲ್ಯಾಂಪ್‌ಗಳು. ಎಣಿಸಿದೆ, ಹದಿನಾಲ್ಕು. ಮತ್ತೆ ಎಣಿಸಿದೆ. ಹದಿನಾಲ್ಕೇ. ಪಕ್ಕದ ಟೆಂಟುಗಳ ತಂಡದವರು. ಅದೇ ಬೆಟ್ಟ, ಅದೇ ರಾತ್ರಿ, ಅದೇ ವೆದರ್.

ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಸೊಂಟದಲ್ಲಿ ಹಾರ್ನೆಸ್ ಇನ್ನೂ ಇತ್ತು.

ಲೀಡರ್‌ನನ್ನು ಎಬ್ಬಿಸಿದೆ. ಸ್ಲೀಪಿಂಗ್ ಬ್ಯಾಗಿನಿಂದ ತಲೆ ಹೊರಗೆ ಹಾಕಿ "ಅವರ ರಿಸ್ಕ್ ಅವರದ್ದು ಬ್ರೋ, ಮಲಗಿ" ಅಂದ. ಬೆಳಿಗ್ಗೆ ಹೇಳಿದೆ, ಲೇಹ್‌ನಲ್ಲಿ ಉಳಿಸಿದ ದಿನ ಇದೆಯಲ್ಲ, ಇವತ್ತು ರಾತ್ರಿ ಹೋಗೋಣ. "ಕುದುರೆಯವರು ನಾಳೆ ವಾಪಸ್ ಹೋಗಬೇಕಂತೆ." ಸರಿ, ನಮ್ಮ ಸಾಮಾನು ಹೇರಿಕೊಂಡು ಬಂದ ಕುದುರೆಯವರನ್ನೇ ಕೇಳೋಣ ಅಂತ ಹೋದೆ. ಪಾಪ, ಆ ಮನುಷ್ಯ ಕುದುರೆಗೆ ಮೇವು ಹಾಕುತ್ತಿದ್ದ. ನನ್ನ ಹರಕು ಹಿಂದಿಯಲ್ಲಿ ಕೇಳಿದೆ. ನನ್ನ ಸೊಂಟ ನೋಡಿದ, ಮುಖ ನೋಡಿದ. "ಮೇಲಕ್ಕಾ? ಹಗ್ಗ ಎಲ್ಲಿದೆ ಸಾಬ್? ನಾನು ಕುದುರೆ ಮೇಲೆ ಹಗ್ಗ ಹೇರಲೇ ಇಲ್ಲ. ನಮಗೆ ಬೇಸ್ ಕ್ಯಾಂಪ್ ತನಕ ಅಂತ ಮಾತ್ರ ಹೇಳಿದ್ದು."

ಬೇಸ್ ಕ್ಯಾಂಪ್ ತನಕ ಮಾತ್ರ. ಹಗ್ಗ ಇಲ್ಲ. ಗೈಡ್ ಇಲ್ಲ, "ಮೇಲೆ ಜಾಯಿನ್" ಆಗುವವನು ಯಾರೂ ಇರಲೇ ಇಲ್ಲ. ಪರವಾನಗಿಯೂ ಇರಲಿಲ್ಲ. ಶಿಖರ ಹತ್ತಬೇಕಾದರೆ ಭಾರತೀಯ ಪರ್ವತಾರೋಹಣ ಪ್ರತಿಷ್ಠಾನದ, ಅಂದರೆ ಐಎಂಎಫ್‌ನ ಪರವಾನಗಿ ಬೇಕು. ಅದನ್ನು ತೋರಿಸು ಅಂದರೆ ಹುಡುಗ ಮೊಬೈಲಿನಲ್ಲಿ ರಾಷ್ಟ್ರೀಯ ಉದ್ಯಾನದ ಪ್ರವೇಶ ಚೀಟಿ ತೋರಿಸಿದ. ನಮ್ಮನ್ನು ವಾಪಸ್ ಕರೆತರುವುದು ಬೆಂಗಳೂರಿನಲ್ಲೇ ತೀರ್ಮಾನ ಆಗಿತ್ತು. ಹವಾಮಾನ ಸುಮ್ನೆ ನೆಪ. ಹನ್ನೊಂದು ಗಂಟೆ ಸುಮಾರಿಗೆ ಆ ಹದಿನಾಲ್ಕರಲ್ಲಿ ಮೊದಲಿನವರು ಇಳಿದು ಬಂದರು. ಮುಖ ಬಿಸಿಲಿಗೆ ಕೆಂಪಾಗಿತ್ತು. "ನೀವು ಬರಲಿಲ್ವಾ? ಎಂಥಾ ಕ್ಲಿಯರ್ ಇತ್ತು!" ಅಂದರು. ಟೀಚರ್ ಟೆಂಟಿನ ಒಳಗೆ ಹೋಗಿ ಜಿಪ್ ಎಳೆದುಕೊಂಡರು.

ಇನ್ನು ಸಂಸ್ಥೆಯವರ ಉತ್ತರಗಳು. ಇವನ್ನು ಹಾಗೇ ಹಾಕುತ್ತಿದ್ದೇನೆ, ನಿಮಗೂ ಇದೇ ಬರಬಹುದು.

ಲೇಹ್‌ಗೆ ಬಂದು ನೆಟ್‌ವರ್ಕ್ ಸಿಕ್ಕಿದ ಕೂಡಲೇ ಫೋನ್ ಮಾಡಿದೆ. ಈಗ ನಾನು "ಸರ್". "ಸರ್, ಪರ್ವತ ಎಲ್ಲೂ ಓಡಿ ಹೋಗಲ್ಲ." ನನ್ನ 52,000 ಓಡಿ ಹೋಯಿತಲ್ಲ ಸ್ವಾಮಿ? "ಸರ್, ಫಾರ್ಮ್‌ಗೆ ಸಹಿ ಹಾಕಿದ್ದೀರಿ, ಹವಾಮಾನಕ್ಕೆ ನಾವು ಜವಾಬ್ದಾರರಲ್ಲ." ಹದಿನಾಲ್ಕು ಜನ ಹತ್ತಿದರಲ್ಲ ಅಂದೆ. "ಪ್ರತಿ ತಂಡದ ಸೇಫ್ಟಿ ಸ್ಟ್ಯಾಂಡರ್ಡ್ ಬೇರೆ ಸರ್." ಹಗ್ಗ ಯಾಕೆ ತರಲಿಲ್ಲ ಅಂದೆ. ಸ್ವಲ್ಪ ಹೊತ್ತು ಮೌನ. ಆಮೇಲೆ "ನೆಟ್‌ವರ್ಕ್ ಸರಿ ಇಲ್ಲ ಸರ್". ಅವರಿದ್ದದ್ದು ಜಯನಗರದಲ್ಲಿ.

ಬೆಂಗಳೂರಿಗೆ ಬಂದ ಮೇಲೆ ಒಂದು ವಾಟ್ಸ್ಆ್ಯಪ್ ಬಂತು. "ಸರ್ ಬೇಜಾರಾಗಬೇಡಿ. ಸರ್ಟಿಫಿಕೇಟ್ ಮೇಲೆ ಸಮಿಟ್ ಅಂತಲೇ ಹಾಕಿಸ್ತೀನಿ. ಯಾರಿಗೆ ಗೊತ್ತಾಗುತ್ತೆ?"

ನಿಜ ಹೇಳಿಬಿಡುತ್ತೇನೆ. ಒಂದು ನಿಮಿಷ ಆಸೆ ಆಯಿತು. ಕೇಕ್ ನೆನಪಾಯಿತು. ಆ ಒಂದು ನಿಮಿಷಕ್ಕೆ ನನ್ನ ಮೇಲೇ ನನಗೆ ಹೇಸಿಗೆ. ಬೇಡ, ದುಡ್ಡು ವಾಪಸ್ ಕೊಡಿ, ಪರವಾನಗಿಗೆ ಅಂತ ತಗೊಂಡ 4,500 ಆದರೂ ಕೊಡಿ ಅಂತ ಬರೆದೆ. "ಅದು ಪ್ರೋಸೆಸಿಂಗ್ ಸರ್." ಗ್ರಾಹಕರ ಆಯೋಗಕ್ಕೆ ಹೋಗ್ತೀನಿ ಅಂದೆ. "ಹೋಗಿ ಮಿಸ್ಟರ್." ಅಣ್ಣ, ಬ್ರೋ, ಸರ್, ಮಿಸ್ಟರ್. ಅದಾದ ಮೇಲೆ ಬ್ಲಾಕ್.

ಒಂದು ಮಾತು. ವಾಪಸ್ ಬರುವುದು ತಪ್ಪಲ್ಲ. ಒಳ್ಳೆ ಗೈಡ್ ಬೇಕಾದಷ್ಟು ಸಲ ವಾಪಸ್ ಕರೆತರುತ್ತಾನೆ, ಅವನ ಮಾತು ಕೇಳಬೇಕು. ತುದಿಗೆ ನೂರು ಮೀಟರ್ ಇದ್ದರೂ ಇಳಿ ಅಂದರೆ ಇಳಿಯಬೇಕು. ಇವರು ಹಿಡಿದುಕೊಂಡಿರುವುದು ಅದನ್ನೇ. ಹವಾಮಾನ ಅಂದರೆ ಯಾರೂ ಎದುರು ಮಾತಾಡುವುದಿಲ್ಲ, ಜೀವದ ಪ್ರಶ್ನೆ. ಆ ಭಯವನ್ನೇ ಬಂಡವಾಳ ಮಾಡಿಕೊಂಡಿದ್ದಾರೆ.

ಹೋಗುವವರು ದುಡ್ಡು ಕಟ್ಟುವ ಮುಂಚೆ ಐಎಂಎಫ್ ಪರವಾನಗಿ ಯಾರ ಹೆಸರಿನಲ್ಲಿ, ಯಾವಾಗ ಬರುತ್ತೆ ಅಂತ ಬರವಣಿಗೆಯಲ್ಲಿ ಕೇಳಿ. ಹೊರಡುವ ಮುಂಚೆ ಅದರ ಪ್ರತಿ ನಿಮ್ಮ ಕೈಯಲ್ಲಿರಲಿ. ಗೈಡ್ ಹೆಸರು ಕೇಳಿ, ಪರ್ವತಾರೋಹಣದ ಕೋರ್ಸ್ ಎಲ್ಲಿ ಮಾಡಿದ್ದಾನೆ ಕೇಳಿ. ಉತ್ತರಕಾಶಿಯೋ, ಡಾರ್ಜಿಲಿಂಗೋ, ಮನಾಲಿಯೋ, ಸರ್ಟಿಫಿಕೇಟ್ ತೋರಿಸಲಿ. "ಮೇಲೆ ಜಾಯಿನ್ ಆಗ್ತಾರೆ" ಅಂದರೆ ಅಲ್ಲಿಂದಲೇ ಎದ್ದು ಬನ್ನಿ. ಲೇಹ್‌ನಲ್ಲೇ ಬೂಟು ಹಾಕಿ ಕ್ರಾಂಪಾನ್ ಕಟ್ಟಿ ನಡೆದು ನೋಡಿ. ನಾನು ಬೇಸ್ ಕ್ಯಾಂಪಿನಲ್ಲಿ ನೋಡಿದೆ, ಮೂರನೇ ಹೆಜ್ಜೆಗೆ ಕಳಚಿ ಬಿತ್ತು. ಕುದುರೆ ಮೇಲೆ ಸಾಮಾನು ಹೇರುವಾಗ ಪಕ್ಕದಲ್ಲೇ ನಿಂತು ಹಗ್ಗ ಎಣಿಸಿ. ನಗುತ್ತಾರೆ, ನಗಲಿ. ಸ್ವಂತ ನಂಬರಿಗೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ಕನ್ನಡದಲ್ಲಿ ಅಣ್ಣ ಅಂದರು ಅಂತ ಕರಗಬೇಡಿ.

ನಾನು 1915ಕ್ಕೆ, ಅದೇ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ದೂರು ಕೊಟ್ಟಿದ್ದೇನೆ. ಟೀಚರೂ ಕೊಟ್ಟಿದ್ದಾರೆ. ಸಂಸ್ಥೆಯಿಂದ ಇನ್ನೂ ಏನೂ ಬಂದಿಲ್ಲ.

ಹೋದ ವಾರ ಗೆಳೆಯನೊಬ್ಬ ಅವರ ಹೊಸ ಜಾಹೀರಾತು ಕಳಿಸಿದ. ಮುಂದಿನ ಬ್ಯಾಚಿಗೆ ಸೀಟು ಖಾಲಿ ಇವೆಯಂತೆ. ಮೇಲೆ "ನಮ್ಮ ಯಶಸ್ವಿ ಶಿಖರಾರೋಹಿಗಳು" ಅಂತ ಒಂದು ಫೋಟೋ. ಹಿಂದೆ ಕಾಂಗ್ ಯಾತ್ಸೆ, ಮುಂದೆ ಐದು ಜನ. ಅದು ಬೇಸ್ ಕ್ಯಾಂಪಿನಲ್ಲಿ ಕ್ಯಾನ್ಸಲ್ ಆಗುವ ಮುಂಚೆ, ಸಂಜೆ ನಾಲ್ಕಕ್ಕೆ ತೆಗೆದದ್ದು. ನಡುವೆ ಐಸ್ ಆಕ್ಸ್ ಮೇಲೆತ್ತಿಕೊಂಡು ಹಲ್ಲು ಕಿರಿಯುತ್ತಿರುವ ಗಡ್ಡದವನು ನಾನು. ಆ ಮುಖ ನೋಡಿ ಯಾರೂ ದುಡ್ಡು ಕಟ್ಟಬೇಡಿ.