ಕ್ಯಾಲರಿ ಆ್ಯಪ್, ಹೆರೆಮಣೆ ಮತ್ತು 2,527 ಎಂಬ ಸುಳ್ಳು ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ, ಆ್ಯಪ್‌ನ ಹೆಸರು ಹಾಕುತ್ತಿಲ್ಲ. ಸುಮ್ನೆ ಜಗಳ ಯಾಕೆ ಅಂತ. ಅದೂ ಅಲ್ಲದೆ ಊಟ ಬರೆದಿಡುವ ಆ್ಯಪ್‌ಗಳಲ್ಲಿ ಹೆಚ್ಚಿನವು ಒಳಗೆ ಒಂದೇ ಥರದ ಲೆಕ್ಕ ಹಾಕುತ್ತವೆ, ನಿಮ್ಮ ಫೋನಿನಲ್ಲಿರುವುದು ಬೇರೆ ಆ್ಯಪ್ ಆದರೂ ಈ ತಾಪತ್ರಯ ನಿಮಗೂ ಬರಬಹುದು. ಜನವರಿಯಿಂದ ಬಳಸುತ್ತಿದ್ದೇನೆ, ಈಗ ಆಗಸ್ಟ್. ಐದಕ್ಕೆ ಮೂರೂವರೆ ಸ್ಟಾರ್. ಉಳಿದ ಒಂದೂವರೆ ಎಲ್ಲಿ ಹೋಯಿತು ಅಂತ ಹೇಳುವುದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನನಗೆ 41 ವರ್ಷ, ಎತ್ತರ 168 ಸೆಂಟಿಮೀಟರ್, ಶುರುವಿನಲ್ಲಿ ತೂಕ 78 ಕೆಜಿ. ಕಾರವಾರದಲ್ಲಿ ಕುರ್ಚಿ ಮೇಲೆ ಕೂರುವ ಕೆಲಸ. ಮನೆ ಕೋಡಿಬಾಗದ ಕಡೆ. ಸಂಜೆ ಟ್ಯಾಗೋರ್ ಬೀಚ್‌ನಲ್ಲಿ ನಡೆಯುತ್ತೇನೆ, ಮಳೆ ಇಲ್ಲದಿದ್ದರೆ ಮಾತ್ರ.

ಆ್ಯಪ್ ಹಾಕಿಕೊಂಡ ದಿನ ಅದು ಕೇಳುವ ಮೊದಲ ಪ್ರಶ್ನೆಗಳಲ್ಲೇ ಎಡವಟ್ಟಾಗುವುದು. ‘ನೀವು ಎಷ್ಟು ಚಟುವಟಿಕೆಯಿಂದ ಇರುತ್ತೀರಿ?’ ಅಂತ ಕೇಳುತ್ತದೆ. ಕೂತೇ ಇರುವವರು, ಸ್ವಲ್ಪ ಓಡಾಡುವವರು, ಮಧ್ಯಮ, ತುಂಬಾ ಜಾಸ್ತಿ, ಹೀಗೆ ಸಾಲಾಗಿ. ನಾನು ಮರ್ಯಾದೆಯ ಮನುಷ್ಯ ಅಲ್ವಾ, ‘ಮಧ್ಯಮ’ ಒತ್ತಿದೆ. ನಿಮಗೆ ದಿನಕ್ಕೆ 2,527 ಕ್ಯಾಲರಿ ಖರ್ಚಾಗುತ್ತದೆ, ತೂಕ ಇಳಿಯಬೇಕಾದರೆ 2,027 ತಿನ್ನಿ ಎಂದಿತು. ಆ ಕೊನೆಯ 27 ನೋಡಿ ನಂಬಿಕೆ ಬಂತು. ಇಷ್ಟು ಕರಾರುವಾಕ್ಕಾಗಿ ಹೇಳುತ್ತಿದೆ ಅಂದರೆ ಏನೋ ಗೊತ್ತಿರಬೇಕು ಅಂದುಕೊಂಡೆ.

ಗೊತ್ತಿರುವುದು ಏನೂ ಇಲ್ಲ. ಅದೊಂದು ಸೂತ್ರ, 1990ರಲ್ಲಿ ಪ್ರಕಟವಾದ ಮಿಫ್ಲಿನ್–ಸೇಂಟ್ ಜಿಯೋರ್ ಸಮೀಕರಣ. ತೂಕವನ್ನು 10ರಿಂದ ಗುಣಿಸಿ, ಎತ್ತರವನ್ನು 6.25ರಿಂದ ಗುಣಿಸಿ ಕೂಡಿಸಿ, ವಯಸ್ಸಿನ ಐದು ಪಟ್ಟು ಕಳೆಯಿರಿ, ಗಂಡಸಾದರೆ 5 ಕೂಡಿಸಿ, ಹೆಂಗಸಾದರೆ 161 ಕಳೆಯಿರಿ. ನನಗೆ 1,630 ಬರುತ್ತದೆ. ಇಡೀ ದಿನ ಸುಮ್ನೆ ಮಲಗಿದ್ದರೂ ದೇಹ ಸುಡುವ ಕ್ಯಾಲರಿ ಅದು. ಅದಕ್ಕೆ ಚಟುವಟಿಕೆಯ ಗುಣಕ ಹಚ್ಚುತ್ತಾರೆ: ಕೂತೇ ಇರುವವರಿಗೆ 1.2, ಸ್ವಲ್ಪ ಓಡಾಡುವವರಿಗೆ 1.375, ಮಧ್ಯಮಕ್ಕೆ 1.55. ಅಂದರೆ ನನ್ನ ಒಂದು ಬೆರಳಿನ ಒತ್ತು 1,956 ಆಗಬಹುದಿತ್ತು, 2,241 ಆಗಬಹುದಿತ್ತು, 2,527 ಆಯಿತು. ಮೊದಲನೆಯದಕ್ಕೂ ಕೊನೆಯದಕ್ಕೂ 571 ಕ್ಯಾಲರಿ ವ್ಯತ್ಯಾಸ, ಹೆಚ್ಚುಕಮ್ಮಿ ಒಂದು ಹೊತ್ತಿನ ಮೀನೂಟ. ಸೂತ್ರ ಕೆಟ್ಟದ್ದಲ್ಲ, ಅಮೆರಿಕದ 498 ಜನರನ್ನು ಅಳೆದು ಮಾಡಿದ್ದು. ಆ 498ರಲ್ಲಿ ಕೋಡಿಬಾಗದವರು ಯಾರೂ ಇರಲಿಲ್ಲ, ಅಷ್ಟೇ.

ಇದರ ಮೇಲೆ ವಾಚ್ ಬೇರೆ. ಆ್ಯಪ್‌ಗೆ ವಾಚ್ ಜೋಡಿಸಿದರೆ ನಡೆದ ಹೆಜ್ಜೆಗೆ ಬೋನಸ್ ಕ್ಯಾಲರಿ ಕೊಡುತ್ತದೆ. ಸಂಜೆ ಬೀಚ್ ಸುತ್ತಿ ಬಂದರೆ ‘ಇನ್ನೂ 300 ತಿನ್ನಬಹುದು’ ಅನ್ನುತ್ತಿತ್ತು. ನಾನು ತಿಂದೆ, ಕೊಟ್ಟಿದ್ದನ್ನು ಬೇಡ ಅನ್ನುವುದು ಹೇಗೆ. ಆದರೆ ‘ಮಧ್ಯಮ’ ಅಂತ ಒತ್ತಿದಾಗಲೇ ಆ ನಡಿಗೆ ಲೆಕ್ಕಕ್ಕೆ ಸೇರಿಯಾಗಿತ್ತು. ಒಂದೇ ನಡಿಗೆಗೆ ಎರಡು ಸಲ ಕೂಲಿ. ಇದನ್ನು ಆ್ಯಪ್ ಎಲ್ಲೂ ಹೇಳುವುದಿಲ್ಲ. ಅರ್ಧ ಸ್ಟಾರ್ ಇಲ್ಲೇ ಹೋಯಿತು.

ವಾಚ್ ಎಂಥ ಪ್ರಾಣಿ ಅಂತ ಗೊತ್ತಾಗಿದ್ದು ಒಂದು ಭಾನುವಾರ. ಅಮ್ಮನಿಗೆ ಭುಜ ನೋವು, ಹಾಗಾಗಿ ಹೆರೆಮಣೆ ಮೇಲೆ ಕೂತು ನಾನೇ ಒಂದು ಕಾಯಿ ತುರಿದೆ. ಎದ್ದು ನೋಡಿದರೆ ಕೂತಲ್ಲೇ 340 ಹೆಜ್ಜೆ ಆಗಿತ್ತು. ನಗು ಬಂತು. ಅನುಮಾನಕ್ಕೆ ಇನ್ನೊಂದು ದಿನ ವಾಚನ್ನು ಎಡಗೈಯಿಂದ ಬಲಗೈಗೆ ಹಾಕಿ ತುರಿದೆ, ಇನ್ನೂ ಜಾಸ್ತಿ. ಕೈ ಅಲ್ಲಾಡಿದರೆ ಅದಕ್ಕೆ ಹೆಜ್ಜೆ. ಬೈಕ್‌ನಲ್ಲಿ ಅಂಕೋಲೆಗೆ ಹೋಗಿ ಬಂದ ದಿನವೂ ನಡೆಯದ ಹೆಜ್ಜೆ ನೂರಾರು ಬಂದಿತ್ತು, ನಮ್ಮ ಹೊಂಡಗಳ ಪುಣ್ಯ.

ಒಂದು ತಿಂಗಳು ಹೀಗೇ ನಡೆಯಿತು. ದಿನಕ್ಕೆ ಸರಾಸರಿ 2,300 ತಿಂದಿದ್ದೆ, ಬರೆದಿದ್ದೆ. ಆ್ಯಪ್ ಪ್ರಕಾರ ಕೆಜಿಗಟ್ಟಲೆ ಇಳಿಯಬೇಕಿತ್ತು. ತೂಕದ ಯಂತ್ರ 78.2 ತೋರಿಸಿತು.

ಆಗ ಕೂತು ಕೈಯಾರೆ ಲೆಕ್ಕ ಹಾಕಿದೆ, ಈ ಇಡೀ ಬರಹದಲ್ಲಿ ನಿಮಗೆ ಉಪಯೋಗಕ್ಕೆ ಬರುವುದು ಇದೇ. ಒಂದು ಕೆಜಿ ಕೊಬ್ಬಿಗೆ ಸುಮಾರು 7,700 ಕ್ಯಾಲರಿ ಅಂತ ಹಿಡಿಯುತ್ತಾರೆ. 28 ದಿನದಲ್ಲಿ 0.2 ಕೆಜಿ ಏರಿದೆ, ಅಂದರೆ 1,540 ಕ್ಯಾಲರಿ ಮೈಯಲ್ಲಿ ಉಳಿದಿದೆ. ದಿನಕ್ಕೆ 55. ತಿಂದಿದ್ದು 2,300, ಅದರಲ್ಲಿ 55 ಉಳಿಯಿತು, ಖರ್ಚಾಗಿದ್ದು 2,245. ಸೂತ್ರವೂ ಬೇಡ, ವಾಚೂ ಬೇಡ. ‘ಸ್ವಲ್ಪ ಓಡಾಡುವವರು’ ಅಂತ ನಿಜ ಒತ್ತಿದ್ದರೆ ಮೊದಲ ದಿನವೇ 2,241 ಬರುತ್ತಿತ್ತು ಅನ್ನುವುದು ಬೇರೆ ಮಾತು.

ಸೆಟ್ಟಿಂಗ್‌ನಲ್ಲಿ ಈ ಅಂಕಿಯನ್ನು ನಾವೇ ತಿದ್ದಬಹುದು. ಆದರೆ ಅದನ್ನು ಎಲ್ಲಿ ಬಚ್ಚಿಟ್ಟಿದ್ದಾರೆ ಅಂದರೆ, ಪ್ರೊಫೈಲ್‌ಗೆ ಹೋಗಿ, ಗುರಿಗೆ ಹೋಗಿ, ಅಲ್ಲಿ ಮೂರು ಚುಕ್ಕೆ ಒತ್ತಿ, ‘ಸುಧಾರಿತ’ ಅನ್ನುವುದರ ಒಳಗೆ ಕೊನೆಯ ಸಾಲು. ಬಡ್ಡಿ ಕಡಿಮೆ ಇರುವ ಸಾಲದ ಯೋಜನೆಯನ್ನು ಬ್ಯಾಂಕಿನವರು ಮುಚ್ಚಿಡುವ ಹಾಗೆ. ಯಾಕಂದರೆ ಅದೇ ಕೆಲಸವನ್ನು ತಾನಾಗಿ ಮಾಡುವ ಸೌಲಭ್ಯಕ್ಕೆ ವರ್ಷಕ್ಕೆ 1,999 ರೂಪಾಯಿ. ಪ್ರತಿ ಸೋಮವಾರ ನಿಮ್ಮ ಊಟ, ನಿಮ್ಮ ತೂಕ ನೋಡಿ ಖರ್ಚಿನ ಅಂಕಿಯನ್ನು ಅದೇ ಸರಿಮಾಡುತ್ತದೆ. ಸೋಮಾರಿತನಕ್ಕೆ ಕಟ್ಟಿದೆ.

ಕಟ್ಟಿದ್ದು ಫೆಬ್ರವರಿಯಲ್ಲಿ. ಸ್ವಲ್ಪ ದಿನಕ್ಕೇ ಶಿರಸಿ ಮಾರಿಕಾಂಬಾ ಜಾತ್ರೆ ಬಂತು. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ನೆಂಟರ ಮನೆಯಲ್ಲಿ ಮೂರು ದಿನ ಠಿಕಾಣಿ. ಅಲ್ಲಿ ಯಾರು ಬರೆಯುತ್ತಾರೆ? ಬೆಳಿಗ್ಗೆ ಎರಡು ದೋಸೆ ಬರೆದಿಟ್ಟು ಹೊರಗೆ ಬಿದ್ದರೆ ರಾತ್ರಿಯವರೆಗೆ ಮಿರ್ಚಿ ಭಜಿ, ಮಂಡಕ್ಕಿ, ಕಬ್ಬಿನ ಹಾಲು, ಮತ್ತೆ ಮನೆಗೆ ಬಂದು ಬಾಳೆಲೆ ಊಟ, ಯಾವುದೂ ಫೋನಿಗೆ ಹೋಗಲಿಲ್ಲ. ವಾಪಸ್ ಬಂದು ತೂಗಿದರೆ 1.7 ಕೆಜಿ ಜಾಸ್ತಿ. ಸೋಮವಾರ ಆ್ಯಪ್ ತೀರ್ಪು ಕೊಟ್ಟಿತು: ನಿಮ್ಮ ಖರ್ಚು 2,240 ಅಲ್ಲ, 1,890. ಇನ್ನು ಮುಂದೆ 1,390 ತಿನ್ನಿ.

ಅದರ ತಪ್ಪಲ್ಲ ಅಂತಲೂ ಅನ್ನಬಹುದು. ಅದಕ್ಕೆ ಕಂಡಿದ್ದು ಏನು? ಈ ಮನುಷ್ಯ ಮೂರು ದಿನ ದಿನಕ್ಕೆ 350 ಕ್ಯಾಲರಿ ತಿಂದ, ಆದರೂ ದಪ್ಪಗಾದ. ಹಾಗಾದರೆ ಇವನ ದೇಹ ಏನನ್ನೂ ಸುಡುವುದಿಲ್ಲ! ಅರ್ಧ ಬರೆದ ದಿನ ಏನೂ ಬರೆಯದ ದಿನಕ್ಕಿಂತ ಕೆಟ್ಟದ್ದು. ಖಾಲಿ ಬಿಟ್ಟ ದಿನವನ್ನು ಲೆಕ್ಕದಿಂದ ಬಿಡುತ್ತದೆ, ಅರ್ಧ ಬರೆದರೆ ಉಪವಾಸ ಅಂತ ನಂಬುತ್ತದೆ. ಇನ್ನು ಆ 1.7 ಕೆಜಿ ಕೊಬ್ಬೇ ಅಲ್ಲ. ಉಪ್ಪು ಜಾಸ್ತಿ ತಿಂದರೆ ಮೈ ನೀರು ಹಿಡಿಯುತ್ತದೆ. ಅನ್ನ, ಸಿಹಿ ಜಾಸ್ತಿಯಾದರೆ ಅದನ್ನು ಸ್ನಾಯುವಿನಲ್ಲಿ ಕೂಡಿಡುವಾಗ ಪ್ರತಿ ಗ್ರಾಂಗೆ ಸುಮಾರು ಮೂರು ಗ್ರಾಂ ನೀರೂ ಜೊತೆಗೆ ಕೂರುತ್ತದೆ. ಹೊಟ್ಟೆಯಲ್ಲಿ ಇನ್ನೂ ಇರುವ ಊಟ ಬೇರೆ. ಐದು ದಿನದಲ್ಲಿ ಅದರಲ್ಲಿ ಮುಕ್ಕಾಲು ಪಾಲು ತಾನೇ ಹೋಯಿತು.

ಆ ಮೂರು ದಿನವನ್ನು ಹಿಡಿದು ಒತ್ತಿದರೆ ‘ಅಪೂರ್ಣ ದಿನ’ ಅಂತ ಗುರುತು ಹಾಕುವ ಆಯ್ಕೆ ಬರುತ್ತದೆ. ಹಾಕಿದೆ. ಮುಂದಿನ ವಾರ ಅಂಕಿ 2,190ಕ್ಕೆ ಬಂತು. ಇಷ್ಟು ಒಳ್ಳೆಯ ಆಯ್ಕೆಯನ್ನು ತಾನಾಗಿ ಕೇಳಬಾರದಾ? ‘ನಿನ್ನೆ ಬರೀ 350 ಬರೆದಿದ್ದೀರಿ, ಅಷ್ಟೇನಾ?’ ಅಂತ ಒಂದು ಸಾಲು ಸಾಕಿತ್ತು. ಇನ್ನೊಂದು ಅರ್ಧ ಸ್ಟಾರ್.

ಈಗ ಹೊಗಳುವ ಭಾಗ. ನನಗೆ ಶುರುವಿನಿಂದ ಇದ್ದ ಚಿಂತೆ, ನಮ್ಮ ಅಡುಗೆಯನ್ನು ಸರಿಯಾಗಿ ಬರೆಯುವುದು ಹೇಗೆ ಅಂತ. ‘ಮ್ಯಾಕೆರಲ್’ ಅಂತ ಹುಡುಕಿದರೆ ಮೊದಲು ಬರುವುದು ಅಟ್ಲಾಂಟಿಕ್ ಸಮುದ್ರದ ಮೀನು, 100 ಗ್ರಾಂಗೆ 205 ಕ್ಯಾಲರಿ. ನಮ್ಮ ಬಂಗಡೆ ಅಷ್ಟು ಕೊಬ್ಬಿನ ಮೀನಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2017ರಲ್ಲಿ ನಮ್ಮ ದೇಶದ 528 ಆಹಾರಗಳನ್ನು ಅಳೆದು ಪಟ್ಟಿ ಕೊಟ್ಟಿದ್ದಾರೆ, ಆದರೆ ಆ್ಯಪ್‌ನಲ್ಲಿ ಅದು ಕೆಳಗೆಲ್ಲೋ ಇದೆ. ಇನ್ನು ಜುಮ್ಮನಕಾಯಿ ಹಾಕಿ ಅಮ್ಮ ಮಾಡುವ ಬಂಗಡೆ ಸಾರಿಗೆ ಅರ್ಧ ಕಾಯಿ ಹೋಗುತ್ತದೆ. ತುರಿ ತೂಗಿದರೆ 120 ಗ್ರಾಂ, ಸುಮಾರು 425 ಕ್ಯಾಲರಿ, ನಾಲ್ಕು ಜನಕ್ಕೆ ಹಂಚಿದರೆ ತಲೆಗೆ 106. ಒಗ್ಗರಣೆಯ ಕೊಬ್ಬರಿ ಎಣ್ಣೆ ದೊಡ್ಡ ಚಮಚಕ್ಕೆ 120. ನಾನು ತಕ್ಕಡಿ ಹಿಡಿದು ಅಡುಗೆಮನೆಯಲ್ಲಿ ನಿಂತರೆ ಅಮ್ಮ ‘ಅನ್ನ ತೂಗಿ ಬಡಿಸುವ ಮನೆ ನಮ್ಮದಲ್ಲ’ ಅಂತ ಬೈಯುತ್ತಾರೆ. ಎರಡು ವಾರ ಬೈಸಿಕೊಂಡು ಬಿಟ್ಟೆ, ಆಮೇಲೆ ಸೌಟಿನ ಲೆಕ್ಕ.

ಆದರೂ ತೂಕ ಇಳಿಯಿತು. ಯಾಕೆ ಅಂತ ಆಮೇಲೆ ಹೊಳೆಯಿತು. ನಾನು ದಿನಾ ಎಣ್ಣೆ, ಕಾಯಿ ಸೇರಿ 150 ಕ್ಯಾಲರಿ ಕಡಿಮೆ ಬರೆಯುತ್ತೇನೆ ಅಂತಲೇ ಇಟ್ಟುಕೊಳ್ಳಿ. ಆ್ಯಪ್ ನನ್ನ ಖರ್ಚನ್ನೂ 150 ಕಡಿಮೆ ಅಂತಲೇ ಕಂಡುಹಿಡಿಯುತ್ತದೆ, ಗುರಿಯನ್ನೂ ಅಷ್ಟೇ ಕೆಳಗೆ ಇಡುತ್ತದೆ. ಸೇರು ಚಿಕ್ಕದಿದ್ದರೂ ಕೊಡುವಾಗ, ತೆಗೆದುಕೊಳ್ಳುವಾಗ ಅದೇ ಸೇರು ಇದ್ದರೆ ಸಾಲ ತೀರುತ್ತದೆ ಅಲ್ವಾ, ಹಾಗೆ. ಸೇರು ದಿನಕ್ಕೊಂದು ಬದಲಾಗಬಾರದು, ಅಷ್ಟೇ. ನಾನು ಒಂದು ವಾರ ಬೇಯಿಸಿದ ಅನ್ನವನ್ನು ಅಕ್ಕಿ ಅಂತ ಬರೆದಿದ್ದೆ. ಬೆಂದ ಅನ್ನ 100 ಗ್ರಾಂಗೆ 130, ಹಸಿ ಅಕ್ಕಿ 350ರ ಹತ್ತಿರ. ಆ ವಾರ ಮಾತ್ರ ನಾನು ಕಾಗದದ ಮೇಲೆ ಭೀಮನಾಗಿದ್ದೆ. ಈ ತಿದ್ದುವ ಸೌಲಭ್ಯ ಇಲ್ಲದ ಆ್ಯಪ್‌ನಲ್ಲಿ ನೀವು ಎಣ್ಣೆಯ ಹನಿಯನ್ನೂ ಅಳೆಯಬೇಕು, ಇದರಲ್ಲಿ ಬೇಡ. 1,999ಕ್ಕೆ ಸಿಗುವುದು ಇದೇ, ಮತ್ತು ಇದು ಸಣ್ಣದಲ್ಲ.

ಮಳೆಗಾಲದಲ್ಲಿ ಇನ್ನೊಂದು ಪಾಠವಾಯಿತು. ಜೂನ್ 1ರಿಂದ ಜುಲೈ ಕೊನೆಯವರೆಗೆ ಬೋಟುಗಳಿಗೆ ರಜೆ, ತಾಜಾ ಮೀನು ಅಪರೂಪ, ಒಣಮೀನಿನ ಕಾಲ. ಒಣಮೀನು ತಿಂದ ಮರುದಿನ ಯಂತ್ರ ಏನಿಲ್ಲವೆಂದರೂ ಅರ್ಧ ಕೆಜಿ ಮೇಲೆ, ಎಲ್ಲ ಉಪ್ಪಿನ ಕರಾಮತ್ತು. ಆ್ಯಪ್ ದಿನದ ತೂಕ ಬಿಟ್ಟು ಸರಾಸರಿ ಗೆರೆ ನೋಡುವುದರಿಂದ ಇದಕ್ಕೆ ಹೆದರಲಿಲ್ಲ, ಮೆಚ್ಚಬೇಕು. ಆದರೆ ಬೀಚ್ ನಡಿಗೆ ನಿಂತು 8,000 ಹೆಜ್ಜೆ 3,000ಕ್ಕೆ ಬಂದಿದ್ದು ಅದಕ್ಕೆ ಗೊತ್ತಾಗಲು ಮೂರು ವಾರ ಬೇಕಾಯಿತು. ನನ್ನ ತೂಕಕ್ಕೆ ಆ ನಡಿಗೆ ದಿನಕ್ಕೆ ಸುಮಾರು 130 ಕ್ಯಾಲರಿ. ಮೂರು ವಾರ ಹಳೆಯ ಅಂಕಿಯನ್ನೇ ನಂಬಿ ತಿಂದೆ. ಮುಂದಿನ ಮಳೆಗೆ ಕಾಯುವುದಿಲ್ಲ, ಮೊದಲ ವಾರವೇ 100 ಕೈಯಾರೆ ಇಳಿಸುತ್ತೇನೆ.

ಈಗ ನನ್ನ ತೂಕ 73.6. ಖರ್ಚಿನ ಅಂಕಿ 2,090. ‘ಇಷ್ಟು ಇಳಿದ ಮೇಲೂ ಯಾಕೆ ಕಡಿಮೆ ಕೊಡುತ್ತದೆ’ ಅಂತ ಸಹೋದ್ಯೋಗಿಯೊಬ್ಬರು ಕೇಳಿದರು. ಮೈ ಹಗುರಾದರೆ ಹೊರುವ ಖರ್ಚೂ ಕಡಿಮೆ. ಕಡಿಮೆ ತಿಂದಾಗ ದೇಹವೂ ಕೈ ಬಿಗಿ ಹಿಡಿಯುತ್ತದೆ, ಗೊತ್ತಿಲ್ಲದೆ ಓಡಾಟ ಕಡಿಮೆಯಾಗುತ್ತದೆ. ಆ್ಯಪ್ ಇದನ್ನು ಸರಿಯಾಗಿ ಹಿಡಿದಿದೆ. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು, ಬಸುರಿಯರು ಈ ಅಂಕಿ ನೋಡಿ ಊಟ ಕಡಿಮೆ ಮಾಡಬೇಡಿ, ಡಾಕ್ಟರ್ ಹತ್ತಿರ ಕೇಳಿ.

ಉಳಿದವರು ಪುಕ್ಕಟೆ ಆವೃತ್ತಿ ಹಾಕಿಕೊಳ್ಳಿ, ವಾಚ್ ಜೋಡಿಸಬೇಡಿ, ಚಟುವಟಿಕೆ ಕೇಳಿದಾಗ ನೀವು ಅಂದುಕೊಂಡಿದ್ದಕ್ಕಿಂತ ಒಂದು ಮೆಟ್ಟಿಲು ಕೆಳಗೆ ಒತ್ತಿ. ನಾಲ್ಕು ವಾರ ಬರೆದು ಮೇಲಿನ ಲೆಕ್ಕ ನೀವೇ ಹಾಕಿ. ಅದು ಬೇಸರ ಅನಿಸಿದರೆ ಮಾತ್ರ ದುಡ್ಡು ಕಟ್ಟಿ.

ಕೊನೆಯ ಅರ್ಧ ಸ್ಟಾರ್ ಅವರ ಸಹಾಯವಾಣಿಗೆ. ಹೆರೆಮಣೆಯ 340 ಹೆಜ್ಜೆಯ ವಿಷಯ ವಿವರವಾಗಿ ಬರೆದು ಫೋಟೋ ಸಮೇತ ಕಳಿಸಿದ್ದೆ. ಹನ್ನೊಂದು ದಿನದ ಮೇಲೆ ಉತ್ತರ ಬಂತು: ‘ನಿಮ್ಮ ವ್ಯಾಯಾಮದ ಉಪಕರಣ ಚೆನ್ನಾಗಿದೆ, ಇದನ್ನು ರೋಯಿಂಗ್ ಮಷಿನ್ ವಿಭಾಗದಲ್ಲಿ ದಾಖಲಿಸಿ.’